ನೀರು ತಲುಪುವ ಕಡೆ

ಮಾರ್ಚ್ ೪, ಸೋಮವಾರ

"ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಬರೀರಿ" ಎಂದರು ಡಾಕ್ಟರು. ರಕ್ತದೊತ್ತಡದ ಮಾತ್ರೆಯ ಜೊತೆಗೆ ಇದೂ ಒಂದು ಔಷಧವಂತೆ. ನನ್ನ ಹೆಂಡತಿ ಅದೇ ಸಂಜೆ ಈ ಪುಸ್ತಕ ತಂದುಕೊಟ್ಟಳು, ಇನ್ನಿಲ್ಲದ ಉತ್ಸಾಹದಿಂದ. ತೆಳ್ಳನೆಯದು ಸಾಲದೆಂದು ದಪ್ಪನೆಯದೇ ತಂದಿದ್ದಾಳೆ.

ಬರೆಯಲು ಕಾರಣಕ್ಕೇನೂ ಬರವಿಲ್ಲ. ಹೋದ ಬುಧವಾರ ನಮ್ಮ ಮತ್ಸ್ಯಾಲಯದ ಹವಳದ ತೊಟ್ಟಿಯಲ್ಲಿ ಮೀನುಗಳು ಸತ್ತವು. ದೊಣ್ಣೆಮೂತಿ ಎಂದು ನಾವು ಕರೆಯುವ ಒಂದು ಮುದಿ ಮೀನು ಉಳಿಯಿತು, ಅಷ್ಟೇ. ಅಲ್ಲಿ ಪೈಪಿನ ಕೆಲಸ ನನ್ನದು. ಬೆಳಗಿನ ಪಾಳಿಯಲ್ಲಿ ಆ ತೊಟ್ಟಿಯನ್ನು ನೋಡಿಕೊಳ್ಳುವವಳು ನನ್ನ ಸ್ವಂತ ಅಕ್ಕ. ಗಾಜು ಒರೆಸುವಾಗ ಒಳಬರುವ ನೀರಿನ ವಾಲ್ವ್ ಮುಚ್ಚಬೇಕು, ಒರೆಸಿದ ಮೇಲೆ ತೆರೆಯಬೇಕು. ಅಕ್ಕ ತೆರೆಯಲು ಮರೆತಳು ಎಂದು ಎಲ್ಲರೂ ಹೇಳುತ್ತಾರೆ. ಅವಳು ಹೇಳುವುದೇ ಬೇರೆ: "ವಾಲ್ವ್ ತೆರೆದಿದ್ದೆ. ನೀರೇ ಬರಲಿಲ್ಲ."

ಪಂಪು ಓಡುತ್ತಿತ್ತು, ವಾಲ್ವ್ ತೆರೆದಿತ್ತು, ನೀರು ಮಾತ್ರ ಬರಲಿಲ್ಲವಂತೆ. "ನೀರಿಗೇನು ರೆಕ್ಕೆ ಬಂತೇನ್ರೀ?" ಎಂದು ಮ್ಯಾನೇಜರು ಎಲ್ಲರ ಮುಂದೆ ನನ್ನನ್ನೇ ಕೇಳಿದರು. ಅಕ್ಕನನ್ನು ಮನೆಗೆ ಕಳಿಸಿದ್ದಾರೆ. ಹದಿನೆಂಟನೇ ತಾರೀಕು ವಿಚಾರಣೆ. ಕೆಲಸ ಉಳಿಯುವುದೋ ಹೋಗುವುದೋ ಅಂದು ತೀರ್ಮಾನ.

ನನ್ನ ಅಭಿಪ್ರಾಯ ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ. ಮರೆತಿದ್ದಾಳೆ. ವಯಸ್ಸಾಯಿತು, ನಸುಕಿನ ಕೆಲಸ, ಮರೆವು ಯಾರಿಗಿಲ್ಲ? ಹೌದು ಎಂದು ಒಪ್ಪಿಕೊಂಡರೆ ಮುಗಿಯಿತು. ಒಪ್ಪುವುದಿಲ್ಲ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಮಾರ್ಚ್ ೫, ಮಂಗಳವಾರ

ಮೀನು ಸತ್ತ ಮೇಲೆ ಎಲ್ಲರಿಗೂ ಬುದ್ಧಿ ಬಂದಿದೆ. ನೀರಿನ ಹರಿವು ಅಳೆಯುವ ಸೆನ್ಸರ್‌ಗಳು ಬಂದಿವೆ. ಮುಷ್ಟಿಯಷ್ಟು ದೊಡ್ಡ ಡಬ್ಬಿ, ಒಳಗೊಂದು ಪುಟ್ಟ ಚಕ್ರ. ನೀರು ಹರಿದರೆ ಚಕ್ರ ತಿರುಗುತ್ತದೆ, ಹೊರಗೆ ಅಂಕಿ ಕಾಣುತ್ತದೆ. ನಿಂತರೆ ಮ್ಯಾನೇಜರ ಫೋನು ಕೂಗುತ್ತದೆ. ಉಪ್ಪುನೀರಿಗೆ ತುಕ್ಕು ಹಿಡಿಯದಿರಲೆಂದು ಪೂರ್ತಿ ಪ್ಲಾಸ್ಟಿಕ್ಕು.

ಕೂಡಿಸುವುದು ಕಷ್ಟವಲ್ಲ, ಜಾಗ ಹುಡುಕುವುದು ಕಷ್ಟ. ಸೆನ್ಸರಿನ ಹಿಂದೆಯೂ ಮುಂದೆಯೂ ಪೈಪು ನೇರವಾಗಿರಬೇಕು. ತಿರುವಿನ ಪಕ್ಕದಲ್ಲೇ ಕೂಡಿಸಿದರೆ ನೀರು ಸುಳಿ ಸುತ್ತಿ ಬಂದು ಚಕ್ರ ಬಾಯಿಗೆ ಬಂದದ್ದನ್ನು ಹೇಳುತ್ತದೆ. ಪಂಪಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಳ್ಳೆಯ ನೇರ ಪೈಪಿದೆ. ಬೆಳಕಿದೆ, ಒಣಗಿದ ನೆಲವಿದೆ, ನಿಂತು ಕೆಲಸ ಮಾಡಬಹುದು. ತೊಟ್ಟಿಯ ಹಿಂದೆ ನೋಡಿದರೆ ಎಲ್ಲಾ ತಿರುವುಗಳೇ. ನೇರವಾದ ತುಂಡು ಒಂದೇ ಒಂದು, ಅದೂ ಅಂಗಾತ ಮಲಗಿ ತೆವಳಿ ಹೋಗಬೇಕಾದ ಕಡೆ. ಅಲ್ಲಿಗೆ ಹೋಗುವುದು ನನ್ನ ಸೊಂಟಕ್ಕೆ ಆಗದು. "ಪಂಪಿನ ಪಕ್ಕದಲ್ಲೇ ಹಾಕಿ, ಬಂದವರಿಗೂ ತೋರಿಸಬಹುದು" ಎಂದರು ಮ್ಯಾನೇಜರು. ಹಾಕಿದೆ. ಬಾಣದ ಗುರುತು ಸರಿಯಾದ ದಿಕ್ಕಿಗಿದೆಯೇ ಎಂದು ಮತ್ತೊಮ್ಮೆ ನೋಡಿದೆ. ಅಂಕಿ ಅಲುಗಾಡದೆ ನಿಂತಿತು.

ಇನ್ನೊಂದು ಸೆನ್ಸರ್ ಮಿಕ್ಕಿದೆ. ಕಪಾಟಿನಲ್ಲಿಟ್ಟೆ.

ಮಾರ್ಚ್ ೭, ಗುರುವಾರ

ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ, ಹಿಂದಿನ ಕೋಣೆಯಲ್ಲಿದ್ದಾಳೆ. ಇಷ್ಟು ವರ್ಷ ನಾವು ಏಳುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದಳು. ಈಗ ಇಡೀ ದಿನ ಮನೆಯಲ್ಲಿ. ಒರೆಸಿದ ಮೇಜನ್ನೇ ಒರೆಸುತ್ತಾಳೆ.

ಇವತ್ತು ಹಾಲು ಕಾಯಿಸಲು ಇಟ್ಟು ಕೈಗೆ ಕೆಂಪು ಪಟ್ಟಿ ಕಟ್ಟಿಕೊಂಡಳು. ಇದು ತೊಟ್ಟಿ ಕೆಲಸದವರ ಪದ್ಧತಿ. ಪ್ರತಿ ವಾಲ್ವಿನ ಹಿಡಿಗೂ ಒಂದು ಕೆಂಪು ಬಟ್ಟೆಯ ಪಟ್ಟಿ ಇರುತ್ತದೆ. ಮುಚ್ಚುವಾಗ ಅದನ್ನು ಬಿಚ್ಚಿ ತಮ್ಮ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರೆ. ತೆರೆದ ಮೇಲೆ ಪಟ್ಟಿ ಮತ್ತೆ ಹಿಡಿಗೆ ಹೋಗುತ್ತದೆ. ಕೈಯಲ್ಲಿ ಪಟ್ಟಿಯಿದ್ದರೆ ಕೆಲಸ ಬಾಕಿಯಿದೆ ಎಂದರ್ಥ. ಅಕ್ಕ ಅದನ್ನು ಒಲೆಗೂ ತಂದಿದ್ದಾಳೆ.

"ಹಾಲಿಗೂ ಪಟ್ಟಿ ಬೇಕಾ? ಕಣ್ಣೆದುರಿಗೇ ಇದೆಯಲ್ಲ!" ಎಂದೆ.

"ಕಣ್ಣೆದುರಿಗೆ ಇರೋದೇ ಮರೆತುಹೋಗೋದು" ಎಂದಳು.

"ಅದನ್ನ ಅವತ್ತು ನೆನಪಿಟ್ಟುಕೊಂಡಿದ್ರೆ ಆಗ್ತಿತ್ತು."

ಹೆಂಡತಿ ನನ್ನ ಕಡೆ ಒಂದು ನೋಟ ಎಸೆದಳು. ಹಾಲು ಉಕ್ಕುವ ಮೊದಲೇ ಅಕ್ಕ ಒಲೆ ಆರಿಸಿ ಪಟ್ಟಿ ಬಿಚ್ಚಿದಳು.

ಡಾಕ್ಟರು ಹೇಳಿದ ಹಾಗೆ ಮೊದಲು ಬರೆದು ಆಮೇಲೆ ಮಾತಾಡಬೇಕಿತ್ತು. ತಿರುಗುಮುರುಗಾಯಿತು.

ಮಾರ್ಚ್ ೮, ಶುಕ್ರವಾರ

ಮ್ಯಾನೇಜರು ಕರೆದು ಕಾಗದವೊಂದನ್ನು ಕೊಟ್ಟರು. 'ವಾಲ್ವ್ ತೆರೆಯಲು ಮರೆತೆ' ಎಂದು ಅಕ್ಕ ಸಹಿ ಹಾಕಿದರೆ ವಿಚಾರಣೆಯನ್ನು ಅಲ್ಲಿಗೇ ಮುಗಿಸುತ್ತಾರಂತೆ. ಕೆಲಸ ಹೋಗುವುದಿಲ್ಲ, ಟಿಕೆಟ್ ಕಿಟಕಿಗೆ ಹಾಕುತ್ತಾರೆ. ಮೀನಿನ ಹತ್ತಿರ ಮಾತ್ರ ಇನ್ನು ಬಿಡುವುದಿಲ್ಲ.

"ನೀವು ಹೇಳಿದ್ರೆ ಕೇಳ್ತಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು ನೋಡಿ" ಎಂದರು.

ನ್ಯಾಯವಾದ ಮಾತು. ಮನೆಗೆ ತಂದು ಅಕ್ಕನ ಮುಂದಿಟ್ಟೆ. ಓದಿದಳು. ಪಟ್ಟಿ ವಾಲ್ವಿನ ಹಿಡಿಯಲ್ಲೇ ಇತ್ತಲ್ಲ, ಅದನ್ನು ಯಾರೂ ಯಾಕೆ ಕೇಳುವುದಿಲ್ಲ ಎಂದಳು. ಮೀನು ಸತ್ತದ್ದು ನೋಡಿದ ಮೇಲೆ ಗಾಬರಿಯಲ್ಲಿ ವಾಲ್ವ್ ತೆರೆದು ಪಟ್ಟಿ ಕಟ್ಟಿರಬಹುದು ಎಂದು ಮ್ಯಾನೇಜರು ಹೇಳಿದ್ದನ್ನು ಹೇಳಿದೆ.

"ನೀನೇನಂತೀ?"

"ನಾನೇನು ಅಲ್ಲಿದ್ನಾ? ಸಹಿ ಹಾಕಿ ಕೈ ತೊಳ್ಕೋ ಅಕ್ಕ. ಕೂತು ಟಿಕೆಟ್ ಹರಿಯೋ ಕೆಲಸ, ಕಾಲುನೋವಿಗೂ ಒಳ್ಳೇದು."

ಕಾಗದವನ್ನು ಮಡಚಿ ನೀರಿನ ಹೂಜಿಯ ಕೆಳಗಿಟ್ಟಳು.

ಮಾರ್ಚ್ ೯, ಶನಿವಾರ

ಏನೂ ಇಲ್ಲ. ಸೊಂಟನೋವು. ಕಾಗದ ಹೂಜಿಯ ಕೆಳಗೇ ಇದೆ.

ಮಾರ್ಚ್ ೧೧, ಸೋಮವಾರ

ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ಸೆನ್ಸರ್ ಎಲ್ಲಿಟ್ಟೆ?"

"ಪಂಪಿನ ಪಕ್ಕ."

"ಪಂಪು ಕಳಿಸೋದು ಅಲ್ಲಿ ಗೊತ್ತಾಗತ್ತೆ. ತೊಟ್ಟಿಗೆ ಬಂದಿದ್ದು ಹೇಗೆ ಗೊತ್ತಾಗತ್ತೆ? ಕೈಗೆ ಬಂದ ತುತ್ತೆಲ್ಲ ಬಾಯಿಗೆ ಬರತ್ತೇನೋ?"

ಪೈಪಿನ ಕೆಲಸದಲ್ಲಿ ನನ್ನ ಕೂದಲು ನರೆತಿದೆ. ಒಂದು ತುದಿಯಲ್ಲಿ ಬಿಟ್ಟ ನೀರು ಇನ್ನೊಂದು ತುದಿಗೆ ಬರದೆ ಎಲ್ಲಿಗೆ ಹೋಗುತ್ತದೆ, ಸೋರಿದ್ದರೆ ನೆಲ ಒದ್ದೆಯಾಗಬೇಕಿತ್ತಲ್ಲ ಎಂದು ಕೂಗಾಡಿದೆ. "ನಿನ್ನ ತಪ್ಪು ಮುಚ್ಚೋಕೆ ನನ್ನ ಪೈಪಿನ ಮೇಲೆ ಯಾಕೆ ಗೂಬೆ ಕೂರಿಸ್ತೀಯ?" ಎಂದೂ ಅಂದೆ. ಅಕ್ಕ ತಟ್ಟೆ ಎತ್ತಿಕೊಂಡು ಹೋದಳು. ಅರ್ಧ ಊಟ ಅದರಲ್ಲೇ ಇತ್ತು.

"ಬರೀರಿ, ಹೋಗಿ ಬರೀರಿ" ಎಂದಳು ಹೆಂಡತಿ. ಬರೆಯುತ್ತಿದ್ದೇನೆ. ಒತ್ತಡ ಇಳಿದ ಹಾಗೇನೂ ಕಾಣುತ್ತಿಲ್ಲ.

ಮಾರ್ಚ್ ೧೩, ಬುಧವಾರ

ಬೆಳಿಗ್ಗೆ ಪಂಪಿನ ಕೋಣೆಗೆ ಹೋದರೆ ಸೆನ್ಸರಿನ ಅಂಕಿ ಏರಿ ಕೂತಿತ್ತು. ಇಷ್ಟು ದಿನ ಇದ್ದದ್ದಕ್ಕಿಂತ ಸಾಕಷ್ಟು ಹೆಚ್ಚು. ಮ್ಯಾನೇಜರಿಗೆ ಖುಷಿಯೋ ಖುಷಿ. "ನೋಡ್ರೀ, ನಮ್ಮ ಪಂಪು ಎಂಥಾ ಗಟ್ಟಿ!" ಎಂದು ಫೋಟೋ ತೆಗೆದುಕೊಂಡರು. ವಿಚಾರಣೆಯ ದಿನ ತೋರಿಸುತ್ತಾರಂತೆ.

ಹವಳದ ತೊಟ್ಟಿಯ ಮುಂದೆ ಹಾದು ಬಂದೆ. ಜನರಿಗೆ ಕಾಣದಂತೆ ಪರದೆ ಎಳೆದಿದ್ದಾರೆ. ದೊಣ್ಣೆಮೂತಿ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹಸಿವಿರಬೇಕು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿದು ಕಲ್ಲಿನ ಸಂದಿಯಲ್ಲಿತ್ತು. ಅಂಕಿಯೂ ಹಳೆಯ ಜಾಗಕ್ಕೆ ಇಳಿದಿತ್ತು.

ಸಂಜೆ ಅಕ್ಕ ಕಾಗದ ತಂದು ಕೊಟ್ಟಳು. ಸಹಿ ಹಾಕಿದ್ದಾಳೆ.

"ಎಲ್ರೂ ಹೇಳೋವಾಗ ತಡ್ಕೊಂಡಿದ್ದೆ. ನೀನೂ ಹಾಗೇ ಅಂದೆ. ಹಾಗಾದ್ರೆ ನಾನೇ ಮರೆತಿರಬೇಕು. ತೆರೆದಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಆದ್ರೆ ಅದು ಹಿಂದಿನ ದಿನದ್ದೂ ಇರಬಹುದು. ನಂಗೇ ಗೊತ್ತಾಗ್ತಿಲ್ಲ." ಅಳಲಿಲ್ಲ. "ನಾಳೆ ಕೊಟ್ಟುಬಿಡು" ಎಂದು ಕೋಣೆಗೆ ಹೋದಳು.

ಸಮಾಧಾನವಾಗಬೇಕಿತ್ತು. ಕಾಗದವನ್ನು ಚೀಲದಲ್ಲಿಟ್ಟೆ, ಗರಗಸದ ಪಕ್ಕ.

ಮಾರ್ಚ್ ೧೪, ಗುರುವಾರ

ಕಾಗದ ಕೊಡಲು ನೆನಪಾಗಲಿಲ್ಲ.

ಬೇರೆ ಕೆಲಸವಿತ್ತು. ಮಿಕ್ಕ ಸೆನ್ಸರ್ ಸುಮ್ಮನೆ ಬಿದ್ದಿದೆಯಲ್ಲ ಎಂದು ಅದನ್ನು ತೊಟ್ಟಿಯ ಕಡೆ ಹಾಕಿದೆ. "ಒಂದು ಸಾಕಲ್ರೀ?" ಎಂದರು ಮ್ಯಾನೇಜರು. "ಕಪಾಟಿನಲ್ಲಿದ್ರೆ ಅದೇನು ಮೊಟ್ಟೆ ಇಡತ್ತಾ ಸಾರ್?" ಎಂದೆ. ಅಂಗಾತ ಮಲಗಿ ತೆವಳಿದೆ. ಉಪ್ಪುನೀರು ಕಣ್ಣಿಗೂ ಹೋಯಿತು, ಬಾಯಿಗೂ ಹೋಯಿತು. ಪೈಪು ಕೊಯ್ದು ಕೂಡಿಸುವಷ್ಟರಲ್ಲಿ ಸೊಂಟ ನನ್ನದೋ ಅನ್ಯರದೋ ತಿಳಿಯದಾಯಿತು.

ಅಲ್ಲಿ ಮಲಗಿದ್ದಾಗ, ಅಕ್ಕ ಮೇಲಿನಿಂದ ಕೈಹಾಕಿ ತಿರುಗಿಸುವ ವಾಲ್ವಿನ ಹಿಡಿ ಮುಖದ ಮೇಲೇ ಇತ್ತು. ಕೆಂಪು ಪಟ್ಟಿ ಅದರ ಮೇಲೆ. ಗಂಟು ನೋಡಿದೆ, ಅಕ್ಕನದೇ. ಒಂದು ಕಿವಿ ಉದ್ದ, ಒಂದು ಗಿಡ್ಡ, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಹಾಲು ಕಾಯಿಸುವಾಗಲೂ ಹಾಗೇ ಕಟ್ಟುತ್ತಾಳೆ. ಗಾಬರಿಯಲ್ಲಿ ಕಟ್ಟಿದ ಗಂಟಿನ ಹಾಗೆ ಕಾಣಲಿಲ್ಲ. ಆದರೆ ಗಂಟು ಸಾಕ್ಷಿಯಲ್ಲ.

ಅಂಟು ಒಣಗಲು ನಾಳೆಯವರೆಗೆ ಬಿಡಬೇಕು. ಅಲ್ಲಿಯವರೆಗೆ ಪಕ್ಕದ ಸಣ್ಣ ಪೈಪಿನಿಂದ ದೊಣ್ಣೆಮೂತಿಗೆ ನೀರು ಬಿಟ್ಟಿದ್ದೇನೆ.

ಮಾರ್ಚ್ ೧೫, ಶುಕ್ರವಾರ

ಎರಡೂ ಸೆನ್ಸರಿನ ಅಂಕಿ ಒಂದೇ. ಪಂಪಿನಿಂದ ಹೊರಟಿದ್ದು ತೊಟ್ಟಿಗೆ ಬರುತ್ತಿದೆ. ಅಂದರೆ ನಾನು ಹೇಳಿದ್ದೇ ಸರಿ. ಯಾಕೋ ಬೇಜಾರಾಯಿತು. ಸೊಂಟನೋವಿನಿಂದ ಇರಬೇಕು.

ಚಹಾ ಕುಡಿಯುವಾಗ ಮರಳಣ್ಣ ಸಿಕ್ಕ. ಗೋಡೆಯಾಚೆಯ ದೊಡ್ಡ ತೊಟ್ಟಿಯ ಮರಳಿನ ಫಿಲ್ಟರ್ ತೊಳೆಯುವವನು, ಅದಕ್ಕೇ ಆ ಹೆಸರು. ನೀರನ್ನು ಉಲ್ಟಾ ಹರಿಸಿ, ಕೊಳೆ ಎಬ್ಬಿಸಿ, ಚರಂಡಿಗೆ ಬಿಡುವುದು ಅವನ ಕೆಲಸ. ಅವನು ದೂರುತ್ತಿದ್ದ: "ಎರಡನೇ ಪಂಪು ರಿಪೇರಿಗೆ ಅಂತ ಹೋಗಿ ಕೂತಿದೆ. ಈಗ ಎಲ್ಲಾದಕ್ಕೂ ಈ ಒಂದೇ ಪಂಪು. ಮೊದಲು ಚಹಾ ಆರೋದರೊಳಗೆ ತೊಳೀತಿದ್ದೆ, ಈಗ ಬೆಳಗೆಲ್ಲಾ ನಿಂತಿರಬೇಕು."

"ಯಾವತ್ತು ತೊಳೀತೀಯ?"

"ಬುಧವಾರ. ಇನ್ಯಾವತ್ತು? ಹೋದ ವಾರ ರಜೆ ಇತ್ತು, ಮೊನ್ನೆ ತೊಳೆದೆ."

ಚಹಾ ಲೋಟ ಅಲ್ಲೇ ಇಟ್ಟು ಪಂಪಿನ ಕೋಣೆಗೆ ಹೋದೆ. ಪೈಪು ಗೋಡೆಯೊಳಗೆ ಹೋಗುತ್ತದೆ. ಗೋಡೆಯೊಳಗೆ ಏನಿದೆಯೋ ಗೋಡೆಗೇ ಗೊತ್ತು. ಅದನ್ನು ಹಾಕಿದವರು ನನಗಿಂತ ಮುಂಚಿನವರು. ಬುಧವಾರ ಅಂಕಿ ಏರಿತ್ತು. ಪಂಪು ಗಟ್ಟಿ ಎಂದು ಏರಲಿಲ್ಲ. ಎಲ್ಲೋ ಬಾಗಿಲು ಅಗಲವಾಗಿ ತೆರೆದಾಗ ನೀರು ಹಾಗೆ ನುಗ್ಗುತ್ತದೆ.

ಕಾಗದ ಇವತ್ತೂ ನೆನಪಾಗಲಿಲ್ಲ.

ಮಾರ್ಚ್ ೧೬, ಶನಿವಾರ

ಬೆಳಿಗ್ಗೆ ಜನ ಬರುವ ಮೊದಲೇ ಹೋದೆ. ಮರಳಣ್ಣನನ್ನು ಕಾಡಿ ಬೇಡಿ ಬರಮಾಡಿಕೊಂಡಿದ್ದೆ. "ಮೊನ್ನೆ ತೊಳೆದಿದ್ದನ್ನ ಮತ್ತೆ ಯಾಕೆ ತೊಳೀಲಿ? ಮರಳಿಗೆ ಮದುವೆಯೇನಪ್ಪಾ?" ಎಂದ. ಮೊದಲು ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಯಂತ್ರ ಇಳಿಬಿಟ್ಟೆ. ಆ ತೊಟ್ಟಿಗೆ ಗಾಳಿಯೂ ಹರಿಯುವ ನೀರಿನ ಜೊತೆಗೇ ಬರುವುದು. ದೊಣ್ಣೆಮೂತಿಯನ್ನೂ ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಆಮೇಲೆ ತೊಟ್ಟಿಯ ಹಿಂದೆ ತೆವಳಿ ಸೆನ್ಸರಿನ ಕೆಳಗೆ ಮಲಗಿದೆ.

ಮರಳಣ್ಣ ಆಚೆಯಿಂದ "ತೆರೆದೇ!" ಎಂದು ಕೂಗಿದ.

ಅಂಕಿ ಇಳಿಯತೊಡಗಿತು. ಇಳಿಯಿತು, ಇನ್ನೂ ಇಳಿಯಿತು, ಸೊನ್ನೆಯಾಯಿತು. ಚಕ್ರ ನಿಂತಿತು. ಮುಖದ ಮೇಲಿನ ವಾಲ್ವ್ ಪೂರ್ತಿ ತೆರೆದಿತ್ತು. ಪಂಪು ಓಡುತ್ತಿದ್ದದ್ದು ಅಲ್ಲಿಗೂ ಕೇಳುತ್ತಿತ್ತು. ಎಲ್ಲಾ ನೀರೂ ಗೋಡೆಯೊಳಗೆ ಅಡ್ಡದಾರಿ ಹಿಡಿದು, ಫಿಲ್ಟರಿಗೆ ನುಗ್ಗಿ, ಚರಂಡಿಗೆ ಹೋಗುತ್ತಿತ್ತು. ಎರಡು ಪಂಪಿದ್ದಾಗ ಎರಡೂ ಕಡೆಗೆ ಸಾಲುತ್ತಿತ್ತು. ಒಂದೇ ಉಳಿದ ಮೇಲೆ ಎತ್ತರದಲ್ಲಿರುವ ಹವಳದ ತೊಟ್ಟಿಗೆ ಏನೂ ಉಳಿಯಲಿಲ್ಲ.

"ವಾಲ್ವ್ ತೆರೆದಿದ್ದೆ. ನೀರೇ ಬರಲಿಲ್ಲ." ಅಕ್ಕ ಹೇಳಿದ್ದು ಅಷ್ಟೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ನಿಲ್ಲಿಸ್ಲಾ?" ಎಂದು ಮರಳಣ್ಣ ಕೂಗಿದ. ನಾನು ಅಂಕಿಯನ್ನೇ ನೋಡುತ್ತಿದ್ದೆ. ಅವನು ಗಾಬರಿಯಾಗಿ ಓಡಿ ಬಂದ. ಅಂಕಿ ತೋರಿಸಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಂದ್ರೆ ನಾನೇನಪ್ಪಾ ಕೊಂದಿದ್ದು?" ಎಂದ.

"ನಿಂಗೇನು ಗೊತ್ತಿತ್ತು? ಯಾರಿಗೂ ಗೊತ್ತಿರಲಿಲ್ಲ" ಎಂದೆ. ಅವನಿಗೆ ಎಷ್ಟು ಬೇಗ ಹೇಳಿಬಿಟ್ಟೆ ಆ ಮಾತನ್ನು.

ಮಾರ್ಚ್ ೧೭, ಭಾನುವಾರ

ಅಕ್ಕನಿಗೆ ಹೇಳಿಲ್ಲ. ಮ್ಯಾನೇಜರು ಒಪ್ಪಲಿ, ಆಮೇಲೆ ಹೇಳೋಣ. ಅವಳು ಇವತ್ತು ಕೆಲಸದ ಉಡುಪು ಒಗೆದು, ಒಣಗಿಸಿ, ಮಡಚಿಟ್ಟಳು. "ಟಿಕೆಟ್ ಕಿಟಕಿಗೆ ಇದು ಬೇಡವಲ್ಲ, ವಾಪಸ್ ಕೊಡಬೇಕು" ಎಂದಳು. ಆದರೂ ಹೇಳಲಿಲ್ಲ.

ಇನ್ನೊಂದು ವಿಷಯ ನೆನಪಾಯಿತು. ಮೀನು ಸತ್ತ ದಿನ ಅಕ್ಕ ಮನೆಗೆ ಬಂದವಳೇ ಅಡಿಗೆಮನೆಯಲ್ಲಿ ಮೊಣಕೈವರೆಗೆ ಕೈ ತೊಳೆದಳು, ಬಹಳ ಹೊತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಬರಿದಾಗಿತ್ತು. ಪಟ್ಟಿ ಕಟ್ಟಿಕೊಂಡರೆ ಒದ್ದೆ ಕೈಯಲ್ಲಿ ಅದರ ಕೆಂಪು ಬಣ್ಣ ಸಂಜೆವರೆಗೆ ಉಳಿಯುತ್ತದೆ, ಗಾಜು ಒರೆಸಿದ ದಿನವೆಲ್ಲ ಅವಳ ಮಣಿಕಟ್ಟು ನೋಡಿದ್ದೇನೆ. ಅವತ್ತು ಆ ಗೆರೆಯೂ ಇತ್ತು. ಅಂದರೆ ಎಂದಿನಂತೆ ಕಟ್ಟಿದ್ದಳು, ಬಿಚ್ಚಿದ್ದಳು. ಗಾಬರಿಯಲ್ಲಿ ಬಿಚ್ಚಿದ್ದು ಎಂದು ಮ್ಯಾನೇಜರು ಅನ್ನಬಹುದು, ಅವಳ ಕೈ ಬಲ್ಲ ನಾನು ಅನ್ನಬಾರದಿತ್ತು. ನೋಡಿದ್ದೆ. ನೋಡಿಯೂ ಮ್ಯಾನೇಜರ ಕಾಗದ ಹೊತ್ತು ತಂದೆ.

ಮಾರ್ಚ್ ೧೮, ಸೋಮವಾರ

ವಿಚಾರಣೆಗೆ ಮೊದಲೇ ಮ್ಯಾನೇಜರನ್ನು ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಮರಳಣ್ಣ ಫಿಲ್ಟರ್ ತೆರೆದ. ಈ ಸೆನ್ಸರನ್ನೂ ಬೆಳಿಗ್ಗೆ ಅವರ ಫೋನಿಗೆ ಜೋಡಿಸಿದ್ದೆ, ಅವರ ಫೋನೇ ಕೂಗಿತು. ಕೂಗು ನಿಲ್ಲಿಸಿ ಗೋಡೆಯ ಕಡೆ ತಿರುಗಿದರು.

"ಎರಡನೇ ಪಂಪನ್ನ ರಿಪೇರಿಗೆ ಕಳಿಸಿದ್ದು ನಾನೇ" ಎಂದರು. ಮನುಷ್ಯ ಕೆಟ್ಟವರಲ್ಲ. "ಸರಿ. ಪೈಪಿನ ದೋಷ ಅಂತ ಬರೆಸ್ತೀನಿ. ನಾನು ಕೊಟ್ಟ ಕಾಗದ ಎಲ್ಲಿ? ನಿಮ್ಮಕ್ಕ ಸಹಿ ಹಾಕಿದ್ರಾ?"

"ಕೊಡೋಕೆ ಮರೆತೆ ಸಾರ್."

"ನೀವೂ ಮರೀತೀರಾ?"

"ಮರೆವು ಯಾರಿಗಿಲ್ಲ ಸಾರ್" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ ಎಂದು ಹೇಳಬೇಕೆಂದಿದ್ದೆ. ಬರೆ ಕಾಯಿಸಿ ಮನೆವರೆಗೆ ಹೊತ್ತು ತಂದವನು ನಾನೇ ಆದ್ದರಿಂದ ಸುಮ್ಮನಾದೆ. ಕಾಗದವನ್ನು ಹರಿದು ಪಂಪಿನ ಕೋಣೆಯ ಬುಟ್ಟಿಗೆ ಹಾಕಿದೆ.

ಮನೆಗೆ ಬಂದು ಎಲ್ಲಾ ಹೇಳಿದೆ. ಹೆಂಡತಿ "ಅತ್ತಿಗೇ!" ಎಂದು ಕೂಗಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಅಕ್ಕ ಅವಳ ಬೆನ್ನು ಸವರುತ್ತಾ ನನ್ನನ್ನೇ ನೋಡುತ್ತಿದ್ದಳು.

"ಸೆನ್ಸರ್ ಹೇಳ್ತಾ?"

"ಹೂಂ."

"ನಾನೂ ಅದನ್ನೇ ಹೇಳಿದ್ದೆ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಎದ್ದು ಮಡಚಿಟ್ಟಿದ್ದ ಉಡುಪನ್ನು ತೆಗೆದು ಮೊಳೆಗೆ ನೇತುಹಾಕಿದಳು.

ಮಾರ್ಚ್ ೨೦, ಬುಧವಾರ

ಅಕ್ಕ ಕೆಲಸಕ್ಕೆ ಬಂದಳು. ಎರಡನೇ ಪಂಪು ಬರುವವರೆಗೆ ಮರಳಣ್ಣ ತೊಳೆಯುವ ಮೊದಲು ಅವಳಿಗೆ ಹೇಳಿಯೇ ತೆರೆಯಬೇಕೆಂದು ಆಗಿದೆ. ದೊಣ್ಣೆಮೂತಿ ಅವಳನ್ನು ಕಂಡು ಗಾಜಿನ ಹತ್ತಿರ ಬಂತು. ಮೇವಿಗೆ ಬಂದದ್ದು ಎಂದು ನಾನಂದೆ. "ಮೇವಿಗೇ. ಇನ್ಯಾತಕ್ಕೆ?" ಎಂದಳು, ಆದರೆ ಹೋಗದೆ ನಿಂತಿದ್ದಳು.

ಮನೆಗೆ ಬರುವಾಗ ಸಾಮಾನಿನ ಕೋಣೆಯಿಂದ ಒಂದು ಕೆಂಪು ಪಟ್ಟಿ ತಂದೆ. ಮಣಿಕಟ್ಟಿಗೆ ಕಟ್ಟಿಕೊಂಡೆ. ಒಂದೇ ಕೈಯಲ್ಲಿ ಕಟ್ಟುವುದು ಸುಲಭವಲ್ಲ, ಕಗ್ಗಂಟಾಯಿತು. ಹೆಂಡತಿ ನಕ್ಕಳು. ಊಟದ ಹೊತ್ತಿಗೆ ಅಕ್ಕ ನೋಡಿದಳು.

"ಯಾವ ವಾಲ್ವ್ ಮುಚ್ಚಿ ಬಂದಿದ್ದೀಯೋ?"

"ಒಂದಿದೆ."

"ಪಟ್ಟಿ ಕಟ್ಕೊಂಡು ಮನೆಗೆ ಬರಬಾರದು. ತೆರೆದು ಬರಬೇಕು."

"ಆ ವಾಲ್ವ್ ಮನೆಯಲ್ಲೇ ಇದೆ" ಎಂದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಇಬ್ಬರೂ ಏಳುವವರೆಗೆ ನನ್ನ ಬಾಯಿಂದ ಆ ಮಾತು ಬರಲಿಲ್ಲ. ಬರೆಯಲು ಕೂತರೆ ಪಟ್ಟಿ ಪುಟಕ್ಕೆ ತಾಗುತ್ತಿದೆ. ಬರೆದರೆ ಆಗುವ ಕೆಲಸವಲ್ಲ ಇದು, ಡಾಕ್ಟರಿಗೆ ಹೇಳಬೇಕು.

ಮಾರ್ಚ್ ೨೧, ಗುರುವಾರ

ಅವಳು ಹೊರಡುವ ಮೊದಲೇ ಎದ್ದೆ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. "ಅಕ್ಕಾ, ನೀನು ಹೇಳಿದ ದಿನವೇ ನಾನು ನಂಬಬೇಕಿತ್ತು. ನಂಬಲಿಲ್ಲ. ತಪ್ಪಾಯ್ತು" ಎಂದೆ.

"ಹೂಂ" ಎಂದಳು. ಆಮೇಲೆ ನನ್ನ ಕೈ ಹಿಡಿದು ಗಂಟು ಬಿಡಿಸಲು ನೋಡಿದಳು. ಬೆರಳಿಗೆ ಬಗ್ಗಲಿಲ್ಲ. "ಗಂಟು ಹಾಕೋಕೂ ಬರಲ್ಲ ನಿಂಗೆ" ಎಂದು ಬಾಗಿ, ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದಳು.